ನೋವು ಶುರುವಾದ ಹೊತ್ತು

ಫಾರ್ಮಿನಲ್ಲಿ ಆ ಒಂದು ಚೌಕ
ತುಂಬುವುದು ಅಂದಾಜಿನಲ್ಲೇ:
ಊಟ ಆದಮೇಲೆ, ನಾಯಿ ಹೊರಗೆ ಬಿಟ್ಟಾಗ,
ಗೊತ್ತಿಲ್ಲ ತಾಯಿ, ಗೊತ್ತಿಲ್ಲ.
ರಾಯ್ಸ್ಟನ್ನಿನ ನೆವಿಲ್ ಓಲ್ಡ್‌ರಾಯ್ಡ್ ಮಾತ್ರ
ಆಂಬುಲೆನ್ಸಿನಿಂದ ಇಳಿಸುವಾಗಲೇ ಹೇಳಿದ:
ಮೂರು ಗಂಟೆ ಹನ್ನೆರಡು ನಿಮಿಷ, ನಲವತ್ತು ಸೆಕೆಂಡು.

ಅವನ ಕಣ್ಣೆದುರೇ ಇತ್ತಂತೆ ಗಡಿಯಾರ,
ಪಾರಿವಾಳದ ಪಂದ್ಯದ್ದು. ಮರದ ಪೆಟ್ಟಿಗೆ, ಹಿತ್ತಾಳೆಯ ಬಾಯಿ.
ಬೆಳಗಿನ ಜಾವ ಫ್ರಾನ್ಸಿನಲ್ಲಿ ಬಿಟ್ಟ ಹಕ್ಕಿಗಳು
ಕಡಲು ದಾಟಿ ಬರಬೇಕು. ಎಂಟು ಬಂದಿದ್ದವು.
ಒಂಬತ್ತನೆಯದು, ಬೂದಿಬಣ್ಣದ ಹೆಣ್ಣು, ಬಂದಿರಲಿಲ್ಲ.
ಆಗಲೇ ಎದೆಯ ಮೇಲೆ ಯಾರೋ ಒರಳು ಇಟ್ಟರು.
ಒರಳು ಅಂದದ್ದು ನಾನು. ಅವನು ಅಂದದ್ದು ಗಣಿಯ ತೊಲೆ.
ನಾನು ಬರೆದುಕೊಂಡದ್ದು: ನಡು ಎದೆ, ಹತ್ತಕ್ಕೆ ಎಂಟು.

ಫೋನು ಹೋದದ್ದು ಆರೂವರೆಗೆ.

ಆಮೇಲೆ ನಾವು ಓಡಿದೆವು. ಶೆಫೀಲ್ಡಿನ ನಮ್ಮ ಓಟಕ್ಕೂ ಒಂದು ಚೌಕವಿದೆ.
ಬಾಗಿಲಿನಿಂದ ಬಲೂನಿಗೆ ಇಪ್ಪತ್ತಾರು ನಿಮಿಷ,
ಶನಿವಾರ ಸಂಜೆಗೆ ಅದು ಸಣ್ಣ ಮಾತಲ್ಲ,
ಗೋಡೆಯ ಪಟ್ಟಿಯಲ್ಲಿ ಹಸಿರು ಬೀಳುತ್ತದೆ.
ಮಣಿಕಟ್ಟಿನಲ್ಲಿ ಸೂಜಿ, ಸೂಜಿಯೊಳಗೆ ತಂತಿ,
ಕಪ್ಪು ಪರದೆಯ ಮೇಲೆ ಬಡಿಯುವ ಬೇರುಗಳ ಗೊಂಚಲು,
ಎಡಗಡೆಯ ದೊಡ್ಡ ಬೇರು ಅರ್ಧಕ್ಕೇ ಮೊಂಡು.
ಹಳೆಯ ಕೆಟಲಿನ ಹಾಗೆ ಒಳಗೆಲ್ಲ ಸುಣ್ಣ.
ಮೊದಲ ಬಲೂನು ಒಪ್ಪಲಿಲ್ಲ.
ಡಾಕ್ಟರ್ ಅಡಿಯೋಲಾ ಏನೋ ಗುನುಗುತ್ತ ಗಟ್ಟಿಯದೊಂದು ಕೇಳಿದರು,
ಹನ್ನೆರಡು, ಹದಿನಾರು, ಹದಿನೆಂಟು ಒತ್ತಡ,
ನಾನು ಎಣಿಸಿದೆ, ತುಟಿಯಲ್ಲಿ ಕನ್ನಡದಲ್ಲೇ.
ಸ್ಟೆಂಟು ಕೂತಿತು. ಚಿತ್ರ ಚೆಂದ ಬಂತು.
ಆದರೆ ತೂಬು ತೆಗೆದರೂ ನೀರು
ಗದ್ದೆಗೆ ಇಳಿಯಲು ಹಿಂದೆಮುಂದೆ ನೋಡುವುದುಂಟು.

ಹನ್ನೊಂದು ವರ್ಷ ಈ ಸೀಸದ ಅಂಗಿ ತೊಟ್ಟು
ನನಗೂ ಒಂದಿಷ್ಟು ಜ್ಯೋತಿಷ್ಯ ಬಂದಿದೆ:
ಸಕ್ಕರೆ, ಮೂತ್ರಪಿಂಡ, ಬೀಡಿಸಿಗರೇಟಿನ ಲೆಕ್ಕ,
ಬಿಸಿಲಾರದ ಕೈಕಾಲಿನ ತಣ್ಣನೆ ಬೆವರು.
ಉಳಿಯುತ್ತಾನೆ ಅಂದುಕೊಂಡವನು ಬೆಳಗಾಗುವುದರೊಳಗೆ ಹೋಗಿದ್ದಾನೆ.
ಮುಗಿಯಿತು ಅಂದುಕೊಂಡವಳು
ಮರುವಾರ ಕೇಕು ಹಿಡಿದು ಬಂದಿದ್ದಾಳೆ.

"ತಡ ಮಾಡಿದೆನಾ?" ಅಂದ, ಪ್ಲಾಸ್ಟರು ಅಂಟಿಸುವಾಗ.
ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ,
ಬಾಯಿತನಕ ಬಂದ ಗಾದೆಯನ್ನು ನುಂಗಿದೆ.
ಯಾರ್ಕ್‌ಷೈರಿನ ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನುತ್ತಾರೋ.
ಹೌದು ಅಂದೆ. ಸ್ವಲ್ಪ.

ತಡಕ್ಕೆ ಕಾರಣ: ಸಾರಿಗೆ, ಆಸ್ಪತ್ರೆ, ರೋಗಿ, ಇತರೆ.
'ಇತರೆ' ಒತ್ತಿ ಪಾರಿವಾಳ ಅಂತ ಬರೆದೆ.
ಸೋಮವಾರ ಲೆಕ್ಕದ ಆಫೀಸಿನ ಹುಡುಗಿ ಫೋನು ಮಾಡಿದಳು:
ಇದು ಕೈತಪ್ಪಿ ಬಿದ್ದ ಪದವೇ?
ಅಲ್ಲ ಅಂದೆ. ಅವಳು ಅದನ್ನು 'ರೋಗಿ' ಮಾಡಿದಳು.

ಆರು ವಾರಕ್ಕೆ ಬಂದ. ಪಂಪು ನೂರಕ್ಕೆ ಮೂವತ್ತೆಂಟು.
ಮೆಟ್ಟಿಲು ಹತ್ತಿದರೆ ನಿಲ್ಲಬೇಕು, ನಿಂತರೆ ಸರಿಹೋಗುತ್ತದೆ.
ಕಿಸೆಯಿಂದ ತೆಗೆದು ನನ್ನ ಅಂಗೈಗೆ ಹಾಕಿದ
ಒಂದು ಸಣ್ಣ ರಬ್ಬರಿನ ಬಳೆ. ಹಕ್ಕಿಯ ಕಾಲಿನದು.
ಕಾಲುಂಗುರ, ಅಂದುಕೊಂಡೆ. ಅವನಿಗೆ ಹೇಗೆ ಹೇಳುವುದು.
ಆರು ಇಪ್ಪತ್ತೊಂದಕ್ಕೆ ಇಳಿದಳಂತೆ, ರೆಕ್ಕೆ ಹರಿದು.
ಉಂಗುರ ಬಿಚ್ಚಿ ಗಡಿಯಾರದ ಬಾಯಿಗೆ ಹಾಕಿ
ಟಕ್ ಅನ್ನಿಸಿ, ಆಮೇಲೆ ಗೂಡಿನ ಮೆಟ್ಟಿಲಲ್ಲಿ ಕುಸಿದ.
ಬೇಲಿಯಾಚೆಯ ಬೆರಿಲ್ ನೋಡಿದ್ದಕ್ಕೆ ಫೋನು.
ಅಷ್ಟು ಹೊತ್ತಿಗೆ ಬಂದದ್ದಕ್ಕೆ ಪಂದ್ಯದ ಪಟ್ಟಿಯಲ್ಲಿ ಜಾಗವಿಲ್ಲ,
ಆದರೂ ಹಾಕಬೇಕಲ್ಲ, ಅಂದ.

ಮಾತ್ರೆ ಬಿಡಬೇಡ, ಒಂದು ದಿನವೂ, ವರ್ಷ ತುಂಬುವತನಕ.
ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ.
ಅವನು ಆಡಿಸಲಿಲ್ಲ. ಜೋಳದ ಡಬ್ಬಿಯಲ್ಲಿಟ್ಟಿದ್ದಾನಂತೆ,
ಎರಡೂ ಮಾತ್ರೆ, ಒಣಗಿದ ಬಟಾಣಿಯ ಪಕ್ಕ:
"ಬೆಳಿಗ್ಗೆ ಏಳಕ್ಕೆ ಅವು ಕೂಗುತ್ತವೆ.
ನನ್ನದನ್ನು ಮರೆತೇನು, ಅವುಗಳದ್ದನ್ನು ಮರೆಯಲಾಗದು."